ಚೀಟಿ ಸರಿಯಾಗಿದೆ, ಅತ್ತೆ

ತಾಳೆ ಸಾಹೇಬರನ್ನು ಹುಡುಕಿಕೊಂಡು ದಾಖಲೆ ಕಚೇರಿಗೆ ಬರುವ ಹೊಸಬರು ಬಾಗಿಲಲ್ಲೇ ನಿಂತು, ಎತ್ತರದ ಆಳೊಬ್ಬನಿಗಾಗಿ ಕಣ್ಣಾಡಿಸುತ್ತಿದ್ದರು. ಕಡತಗಳ ರಾಶಿಯ ಹಿಂದಿನಿಂದ "ಯಾರು ಬೇಕಾಗಿತ್ತು?" ಎಂಬ ದನಿ ಬಂದಾಗ ಬೆಚ್ಚಿಬೀಳುತ್ತಿದ್ದರು. ಸಾಹೇಬರು ಕುರ್ಚಿಯ ಮೇಲೆ ಎರಡು ಹಳೆಯ ರಿಜಿಸ್ಟರು ಹಾಕಿಕೊಂಡು ಕೂತರೂ ಮೇಜಿನ ಮೇಲೆ ಕಾಣುತ್ತಿದ್ದುದು ತಲೆ ಮತ್ತು ಕನ್ನಡಕ ಮಾತ್ರ. ತಾಳೆ ಎಂಬ ಅಡ್ಡಹೆಸರು ಮರದಿಂದ ಬಂದದ್ದಲ್ಲ, ತಾಳೆ ನೋಡುವ ಕೆಲಸದಿಂದ ಬಂದದ್ದು.

ಮೂವತ್ತೊಂದು ವರ್ಷದಿಂದ ಅವರು ನಕಲು ಗುಮಾಸ್ತರು. ಯಾರದೋ ಮನೆಯ ಕ್ರಯಪತ್ರ, ಯಾರದೋ ವಿಭಾಗಪತ್ರ, ಯಾರದೋ ಉಯಿಲು, ಯಾವುದೇ ಇರಲಿ, ಒಂದಕ್ಷರ ಬಿಡದೆ ನಕಲು ತೆಗೆದು, ಸಾಲುಸಾಲಿಗೂ ಬೆರಳಿಟ್ಟು ಮೂಲದ ಜೊತೆ ಹೋಲಿಸಿ, ಕೆಳಗೆ "ಮೂಲದೊಡನೆ ತಾಳೆ ನೋಡಲಾಗಿದೆ, ನಿಜ ನಕಲು" ಎಂದು ಬರೆದು ಮೊಹರು ಒತ್ತುತ್ತಿದ್ದರು. ಆಮೇಲೆ ಅದನ್ನು ಪ್ರಶ್ನಿಸುವ ಧೈರ್ಯ ಯಾವ ನ್ಯಾಯಾಲಯಕ್ಕೂ ಇಲ್ಲವೆಂದು ಅವರೇ ಹೇಳಿಕೊಳ್ಳುತ್ತಿದ್ದರು. ನ್ಯಾಯಾಲಯಗಳು ಈ ಬಗ್ಗೆ ಏನೂ ಹೇಳಿರಲಿಲ್ಲ.

ಅವರ ಮುಂದೆ ಯಾರಾದರೂ ಬಾಯಿತಪ್ಪಿ "ಸಾರ್, ಒಂದು ನಕಲಿ ಬೇಕಾಗಿತ್ತು" ಎಂದರೆ ಮುಗಿಯಿತು.

"ನಕಲಿ ಬೇಕಾದ್ರೆ ಬೀದಿಗೆ ಹೋಗಿ. ಇಲ್ಲಿ ಸಿಗೋದು ನಕಲು. ಆ ಉಕಾರಕ್ಕೂ ಈ ಇಕಾರಕ್ಕೂ ಮಧ್ಯೆ ಒಂದು ಜೈಲಿದೆ, ಗೊತ್ತಿರಲಿ!"

ಇಂಥವರ ಮನೆಯಲ್ಲೇ ಒಂದು ನಕಲಿ ನಾಲ್ಕು ವರ್ಷದಿಂದ ಹಾಯಾಗಿ ಕೂತಿತ್ತು ಎಂಬುದು ಅವರಿಗೇ ಗೊತ್ತಿರಲಿಲ್ಲ.

ಅದು ನಡುಮನೆಯ ಕಂಪ್ಯೂಟರು. ಹೆಂಡತಿಯ ತಮ್ಮ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದವನು, ಅಲ್ಲಿ ಇಲ್ಲಿ ಬಿದ್ದಿದ್ದ ಭಾಗಗಳನ್ನು ಒಟ್ಟುಮಾಡಿ, ಕೈಯಾರೆ ಜೋಡಿಸಿ, ಅಕ್ಕನಿಗೆ ಉಡುಗೊರೆಯಾಗಿ ತಂದುಕೊಟ್ಟಿದ್ದ. ಒಳಗಿನ ಆಪರೇಟಿಂಗ್ ಸಿಸ್ಟಮ್ಮನ್ನೂ ಎಲ್ಲಿಂದಲೋ ಇಳಿಸಿಕೊಂಡು ಹಾಕಿದ್ದ. ಪರದೆಯ ಅಂಚಿಗೆ ಒಂದು ಚೀಟಿ ಅಂಟಿಸಿದ್ದ: "ಭಾವ, ಅಪ್‌ಡೇಟ್ ಮಾಡಲೇ ಅಂತ ಕೇಳಿದರೆ 'ಆಮೇಲೆ' ಒತ್ತಿ. ಯಾವತ್ತು ಕೇಳಿದರೂ 'ಆಮೇಲೆ'." ಸಾಹೇಬರು ಆ ಚೀಟಿಯನ್ನು ನಾಲ್ಕು ವರ್ಷ ಚಾಚೂ ತಪ್ಪದೆ ಪಾಲಿಸಿದ್ದರು. ಅದು ಯಾಕೆಂದು ಮಾತ್ರ ಕೇಳಿರಲಿಲ್ಲ.

ಆ ಕಂಪ್ಯೂಟರಿನಲ್ಲಿ ಅತ್ತೆಯವರ ದನಿಯಿತ್ತು. ತೀರಿಹೋಗುವ ಮುಂಚಿನ ವರ್ಷ ಅವರು ಜಗಲಿಯಲ್ಲಿ ಕೂತು ಬಟಾಣಿ ಸುಲಿಯುತ್ತ ಮಗಳ ಹತ್ತಿರ ಅಳಿಯನನ್ನು ಬೈಯುತ್ತಿದ್ದಾಗ, ಮಗ ಹೊಸ ಫೋನಿನ ರೆಕಾರ್ಡು ಸರಿಯಾಗಿದೆಯೇ ಎಂದು ಪರೀಕ್ಷೆ ಮಾಡುತ್ತಿದ್ದ. ಹಾಗೆ ಸಿಕ್ಕ ನಾಲ್ಕು ನಿಮಿಷ. ಆ ತಾಯಿಯ ದನಿ ಲೋಕದಲ್ಲಿ ಉಳಿದಿದ್ದುದು ಅಷ್ಟೇ.

"ನಮ್ಮ ಅಳಿಯಂದ್ರು ಒಳ್ಳೆಯವರೇ ಕಣೆ," ಎಂದು ಶುರುವಾಗುತ್ತಿತ್ತು ಅದು. ಪಾತ್ರೆಗೆ ಬಟಾಣಿ ಬೀಳುವ ಟಣ್ ಟಣ್ ಸದ್ದು. "ಒಳ್ಳೆಯವರಲ್ಲ ಅಂತ ಯಾರಂದ್ರು? ಆದ್ರೆ ಮನುಷ್ಯ ಅಂದ್ಮೇಲೆ ಒಂಚೂರು ಬುದ್ಧೀನೂ ಬೇಕಲ್ಲ. ಹೋದ ಸಲ ಬಂದಾಗ, ಒಲೆ ಮೇಲೆ ಹಾಲಿಟ್ಟಿದ್ದೀನಿ, ಒಂದು ಗಳಿಗೆ ನೋಡ್ಕೊಳ್ಳಿ ಅಂದೆ. ಹಾಲಿನವನ ಚೀಟಿ ಹಿಡ್ಕೊಂಡು ತಾಳೆ ನೋಡ್ತಾ ಕೂತ್ರು. ಹಾಲೆಲ್ಲ ಉಕ್ಕಿ ಒಲೆ ಆರಿಹೋಯ್ತು. ನಾನು ಓಡಿಬಂದ್ರೆ, 'ಚೀಟಿ ಸರಿಯಾಗಿದೆ, ಅತ್ತೆ' ಅಂದ್ರು. ಅಲ್ಲ ಕಣೇ, ಚೀಟಿ ಸರಿಯಾಗಿತ್ತು, ಹಾಲೆಲ್ಲಿತ್ತು?"

ಬೈಗುಳದಲ್ಲೂ ಅಳಿಯನಿಗೆ ಬಹುವಚನ ತಪ್ಪಿಸದ ಹೆಂಗಸು ಆಕೆ. ಹೆಂಡತಿ ವಾರಕ್ಕೊಮ್ಮೆ, ಗಂಡನ ಮೇಲೆ ಸಿಟ್ಟು ಬಂದಾಗ ಎರಡು ಸಲ, ಅದನ್ನು ಹಾಕಿಕೊಂಡು ಕೇಳುತ್ತಿದ್ದಳು. ಕೇಳುತ್ತ ನಗುತ್ತಿದ್ದಳು, ನಗುತ್ತ ಕಣ್ಣೊರೆಸಿಕೊಳ್ಳುತ್ತಿದ್ದಳು. ಸಾಹೇಬರು ಮುಖ ಗಂಟು ಹಾಕಿಕೊಂಡು ಪೇಪರಿನ ಹಿಂದೆ ಅಡಗುತ್ತಿದ್ದರು.

ಇಷ್ಟು ನೆಮ್ಮದಿಯ ಸಂಸಾರಕ್ಕೆ ಕಲ್ಲು ಬಿದ್ದದ್ದು ಒಂದು ಶುಕ್ರವಾರ, ಕಚೇರಿಯಲ್ಲಿ. ಆಪರೇಟಿಂಗ್ ಸಿಸ್ಟಮ್ಮಿನ ದೊಡ್ಡ ಅಪ್‌ಡೇಟ್ ಬರುತ್ತಿದೆ, ಹಳೆಯದಕ್ಕೆ ಇನ್ನು ರಕ್ಷಣೆಯಿಲ್ಲ ಎಂದು ಸುತ್ತೋಲೆ ಬಂದಿತ್ತು. "ಯಾರಾದ್ರೂ ಹಾಕಿ ನೋಡಿದ್ದೀರೇನ್ರಿ?" ಎಂದು ಅಧಿಕಾರಿ ಕೇಳಿದರು. ಎಲ್ಲರೂ ತಂತಮ್ಮ ಚಪ್ಪಲಿ ನೋಡಿಕೊಂಡರು. ಸಾಹೇಬರಿಗೆ ಏನು ಕೆಟ್ಟ ಗಳಿಗೆಯೋ.

"ನಮ್ಮನೇಲಿ ಆಗಲೇ ಹಾಕಿದ್ದೀವಿ ಸಾರ್," ಎಂದುಬಿಟ್ಟರು.

"ಭೇಷ್! ಹಾಗಾದ್ರೆ ಸೋಮವಾರ ಎಲ್ಲರಿಗೂ ನೀವೇ ವಿವರಿಸಿ."

ಆಡಿದ ಮಾತನ್ನು ಸೋಮವಾರದೊಳಗೆ ನಿಜಮಾಡಲೇಬೇಕಾಯಿತು. ಶನಿವಾರ ಮಧ್ಯಾಹ್ನ ಊಟ ಮುಗಿಸಿದವರೇ ಕಂಪ್ಯೂಟರಿನ ಮುಂದೆ ಕೂತರು. ಹೆಂಡತಿ ಚೀಟಿಯ ಮೇಲೆ ಬೆರಳಿಟ್ಟಳು.

"ರೀ, ಅವನು ಬೇಡ ಅಂತ ಬರೆದಿದ್ದಾನಲ್ಲ."

"ಅವನು 'ಆಮೇಲೆ' ಅಂತ ಬರೆದಿದ್ದಾನೆ. ನಾಲ್ಕು ವರ್ಷ ಆಯ್ತು. ಆಮೇಲೆ ಅಂದ್ರೆ ಇದೇ."

"ಅಮ್ಮನ ದನಿ ಹೋಗಲ್ಲ ತಾನೇ?"

"ಹೊಸ ಬೀರು ತಂದ್ರೆ ಹಳೇ ಸೀರೆ ಹೋಗುತ್ತೇನೆ?" ಎಂದು ಸಾಹೇಬರು ಗುಂಡಿ ಒತ್ತಿದರು.

ಎರಡೂವರೆ ತಾಸು ಅದು ಶೇಕಡಾ ಎಣಿಸಿತು. ಕಂಪ್ಯೂಟರು ಮೂರು ಸಲ ಆರಿ ಮೂರು ಸಲ ಹೊತ್ತಿಕೊಂಡಿತು. ಕೊನೆಗೆ ಪರದೆಯೆಲ್ಲ ಕಪ್ಪಾಗಿ, ಬಲಗಡೆಯ ಮೂಲೆಯಲ್ಲಿ ಎರಡು ಸಾಲು ಮೂಡಿದವು: "ಈ ಪ್ರತಿ ಅಸಲಿಯಲ್ಲ. ನೀವು ನಕಲಿಯ ಬಲಿಪಶು ಆಗಿರಬಹುದು."

ಸಾಹೇಬರು ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ಸಾಲಿಗೆ ಬೆರಳಿಟ್ಟು ಓದಿದರು. ಇಕಾರವೇ ಇತ್ತು.

ಅತ್ತೆಯ ದನಿಗೆ ಏನೂ ಆಗಿರಲಿಲ್ಲ. ಹೆಂಡತಿ ಹಾಕಿ ನೋಡಿ ಸಮಾಧಾನಪಟ್ಟುಕೊಂಡು ಒಳಗೆ ಹೋದಳು. ಸಾಹೇಬರಿಗೆ ಸಮಾಧಾನವಾಗಲಿಲ್ಲ. ಅವರು ಆ ಎರಡು ಸಾಲನ್ನು ಬಿಳಿ ಹಾಳೆಗೆ ಇಳಿಸಿಕೊಂಡು, ತಾಳೆ ನೋಡಿ, ಮೇಲಿನ ಮನೆಯ ವಿಮೆ ಏಜೆಂಟರ ಬಳಿಗೆ ಒಯ್ದರು. ಅದೇ ಅವರು ಮಾಡಿದ ಎರಡನೆಯ ತಪ್ಪು. ವಿಮೆ ಏಜೆಂಟರಿಗೆ ಒಂದು ಸುದ್ದಿ ಸಿಕ್ಕರೆ ಸಂಜೆಯೊಳಗೆ ಅದಕ್ಕೆ ಕೈಕಾಲು ಬರುತ್ತಿತ್ತು.

"ಅಯ್ಯೋ, ಬಲಿಪಶು ಅಂತಾನೇ ಬರೆದುಬಿಟ್ಟಿದ್ದಾರಲ್ಲ ಸಾರ್! ಇದು ನೋಟೀಸೇ. ಯಾರು ಹಾಕ್ಕೊಟ್ಟಿದ್ದು?"

"ನಮ್ಮ ಭಾವಮೈದ."

"ಮನೆಯವರೇ!" ಎಂದು ಏಜೆಂಟರು ಎದೆಯ ಮೇಲೆ ಕೈಯಿಟ್ಟುಕೊಂಡರು. "ಅಂಥವರಿಂದಲೇ ಸಾರ್ ಹಿಂಗಾಗೋದು."

ಸಾಹೇಬರು ಸಂಜೆ ಹಾಲು ತರಲು ಹೋದಾಗ ಅಂಗಡಿಯಾಕೆ ಅವರು ಕೊಟ್ಟ ನೋಟನ್ನು ಬೆಳಕಿಗೆ ಹಿಡಿದು ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಹಾಗೆ ಮಾಡಿರಲಿಲ್ಲ. "ತಪ್ಪು ತಿಳ್ಕೋಬೇಡಿ ಸಾರ್," ಎಂದಳು, "ನಿಮ್ಮನೇಲಿ ನಕಲಿ ಸಿಕ್ತಂತೆ ಅಂದ್ರು."

ಭಾನುವಾರ ಬೆಳಿಗ್ಗೆಯೇ ಭಾವಮೈದುನನಿಗೆ ಕರೆ ಹೋಯಿತು. ಬಂದವನು ಪರದೆ ನೋಡಿ ನಕ್ಕುಬಿಟ್ಟ.

"ಅಷ್ಟೇನಾ ಭಾವ? ಐದು ನಿಮಿಷದ ಕೆಲಸ. ಇನ್ನೊಂದು ಸಣ್ಣದು ಹಾಕಿದ್ರೆ ಈ ಸಾಲು ಬಾಯಿ ಮುಚ್ಚಿಕೊಳ್ಳುತ್ತೆ."

"ಇನ್ನೊಂದು ಏನು?"

"ಅದೇ... ಅದೂ ಅಂಥದ್ದೇ."

"ನಕಲಿ ಮುಚ್ಚೋಕೆ ಇನ್ನೊಂದು ನಕಲಿ!" ಸಾಹೇಬರು ಎದ್ದು ನಿಂತರು. ಎದ್ದರೂ ಭಾವಮೈದುನನ ಭುಜಕ್ಕೆ ಬರುತ್ತಿದ್ದರು, ಆದ್ದರಿಂದ ದನಿಯನ್ನು ಏರಿಸಬೇಕಾಯಿತು. "ಮೂವತ್ತೊಂದು ವರ್ಷ ಕಣೋ! ಒಂದು ಕೊಂಬು, ಒಂದು ಇಳಿ ತಪ್ಪಿಸಿಲ್ಲ ನಾನು. ಈಗ ಹಾಲಿನಂಗಡಿಯವಳು ನನ್ನ ನೋಟು ಬೆಳಕಿಗೆ ಹಿಡೀತಾಳೆ! ಕಳ್ಳಮಾಲು ತಂದು ಅಕ್ಕನ ಮನೇಲಿಟ್ಟಿದ್ದೀಯಲ್ಲೋ!"

ಮೆಟ್ಟಿಲ ಮೇಲೆ ವಿಮೆ ಏಜೆಂಟರ ಚಪ್ಪಲಿಗಳು ಕಂಡವು. ಅವುಗಳೊಳಗಿನ ಕಾಲುಗಳು ಅಲ್ಲಾಡದೆ ಕೇಳಿಸಿಕೊಳ್ಳುತ್ತಿದ್ದವು.

ಭಾವಮೈದುನನ ನಗು ಆರಿಹೋಯಿತು. "ದುಡ್ಡು ಕೊಟ್ಟು ತರೋ ತ್ರಾಣ ಇರ್ಲಿಲ್ಲ ಭಾವ. ಅಕ್ಕನಿಗೆ ಅಂತ ಮಾಡಿದೆ," ಎಂದು ಮೆಲ್ಲಗೆ ಹೇಳಿದ.

ವಾತಾವರಣ ತಿಳಿಯಾಗಲಿ ಎಂದು ಹೆಂಡತಿ ಹೋಗಿ ಅಮ್ಮನ ದನಿ ಹಾಕಿದಳು. ಯಾವಾಗಲೂ ಅದನ್ನು ಕೇಳಿದರೆ ಅಕ್ಕತಮ್ಮ ಇಬ್ಬರೂ ನಗುತ್ತಿದ್ದರು. "ನಮ್ಮ ಅಳಿಯಂದ್ರು ಒಳ್ಳೆಯವರೇ ಕಣೆ..." ಟಣ್, ಟಣ್. "...ಮನುಷ್ಯ ಅಂದ್ಮೇಲೆ ಒಂಚೂರು ಬುದ್ಧೀನೂ..."

"ನಿಲ್ಲಿಸೇ ಅದನ್ನ!" ಎಂದು ಸಾಹೇಬರು ಕಿರುಚಿದರು.

ಅವಳು ನಿಲ್ಲಿಸಿದಳು. ಆ ಸಲ ಅಮ್ಮನ ದನಿ ಹಾಲು ಉಕ್ಕುವ ಮಾತಿನ ತನಕವೂ ಹೋಗಲಿಲ್ಲ.

ಸಾಹೇಬರು ಕಚೇರಿಯ ಭಾಷೆಯಲ್ಲಿ ಒಂದು ಮುಚ್ಚಳಿಕೆ ಬರೆದರು. "ಸದರಿ ಕಂಪ್ಯೂಟರಿಗೆ ಸಂಬಂಧಪಟ್ಟ, ಅದರಿಂದ ತೆಗೆದ ಅಥವಾ ಅದಕ್ಕೆ ಹಾಕಿದ ಯಾವುದೇ ನಕಲನ್ನು ನನ್ನ ಬಳಿ ಇಟ್ಟುಕೊಂಡಿರುವುದಿಲ್ಲ, ಇದ್ದಲ್ಲಿ ಈ ದಿನವೇ ನಾಶಪಡಿಸುತ್ತೇನೆ." ಭಾವಮೈದುನ ಅದನ್ನು ಓದಿದ. ಇನ್ನೊಮ್ಮೆ ಓದಿದ.

"ಯಾವುದೇ ನಕಲು ಅಂದ್ರೆ ಎಲ್ಲಾನೂನಾ ಭಾವ?"

"ಎಲ್ಲಾನೂ! ಒಂದೂ ಉಳೀಬಾರದು."

"ಒಂದ್ಸಲ ಯೋಚನೆ ಮಾಡಿ."

"ಬರೆಯೋದು ನನ್ನ ಕೆಲಸ, ಸಹಿ ಹಾಕೋದು ನಿನ್ನ ಕೆಲಸ!"

ಅವನು ಸಹಿ ಹಾಕಿದ. ಸಾಕ್ಷಿಗೆಂದು ಮೆಟ್ಟಿಲಿನಿಂದ ಏಜೆಂಟರನ್ನು ಕರೆದರು. ಅವರು ಕರೆಯುವುದಕ್ಕೆ ಮುಂಚೆಯೇ ಪೆನ್ನು ಹಿಡಿದುಕೊಂಡು ಬಂದರು. ಭಾವಮೈದುನ ಅಕ್ಕ ಕೊಟ್ಟ ಕಾಫಿ ಕುಡಿಯದೆ ಹೊರಟುಹೋದ.

ಸೋಮವಾರ ಸಾಹೇಬರು ತಪ್ಪೊಪ್ಪಿಗೆಯ ಅರ್ಜಿ ಹಿಡಿದು ಅಧಿಕಾರಿಗಳ ಕೋಣೆಗೆ ಹೋದರು. ತಾನು ತಿಳಿಯದೆ ನಕಲಿ ಬಳಸಿದ್ದಾಗಿಯೂ, ಯಾವ ಶಿಸ್ತುಕ್ರಮಕ್ಕೂ ಸಿದ್ಧನೆಂದೂ ನಿಂತಲ್ಲೇ ಓದಿ ಹೇಳಿದರು. ಅಧಿಕಾರಿ ಕೊನೆಯವರೆಗೂ ಕೇಳಿ, ಬಾಗಿಲು ಹಾಕಿಬರಲು ಹೇಳಿ, ತಮ್ಮ ಕಂಪ್ಯೂಟರಿನ ಪರದೆಯನ್ನು ಅವರ ಕಡೆಗೆ ತಿರುಗಿಸಿದರು. ಪರದೆ ಕಪ್ಪಗಿತ್ತು. ಬಲಗಡೆಯ ಮೂಲೆಯಲ್ಲಿ ಅವೇ ಎರಡು ಸಾಲು.

"ಬೆಳಿಗ್ಗೆ ಅಪ್‌ಡೇಟ್ ಹಾಕಿದಾಗಿನಿಂದ ಹಿಂಗೇ ಇದೆ," ಎಂದರು ಅಧಿಕಾರಿ. "ಯಾರು ಯಾವಾಗ ಎಲ್ಲಿಂದ ತಂದು ಹಾಕಿದ್ರೋ ಗೊತ್ತಿಲ್ಲ. ಹೊಸದಕ್ಕೆ ಬರೆದಿದ್ದೀನಿ, ಬರುತ್ತೆ. ಅಲ್ಲಿವರೆಗೆ ಕಪ್ಪಿದ್ರೆ ಕಣ್ಣಿಗೆ ತಂಪು ಬಿಡಿ."

"ಆದ್ರೆ ಸಾರ್... ನಾವು ನಿಜ ನಕಲು ಮುದ್ರಿಸೋದು ಇದರಿಂದಲೇ ಅಲ್ವಾ?"

"ಮೆಲ್ಲಗೆ ಮಾತಾಡ್ರೀ! ಆ ಅರ್ಜಿ ಹರಿದು ಹಾಕಿ. ನಕಲೂ ಇಟ್ಕೋಬೇಡಿ."

"ಆಗಲೇ ಮೂರು ನಕಲು ತೆಗೆದಿದ್ದೀನಿ ಸಾರ್."

ಅಧಿಕಾರಿ ಹಣೆ ಹಿಡಿದುಕೊಂಡು ಕೂತರು. ಬೇರೆ ಯಾರಾದರೂ ಆಗಿದ್ದರೆ ಇಲ್ಲಿಗೆ ಹಗುರಾಗಿ, ಮನೆಗೆ ಬಂದು, ಭಾವಮೈದುನನಿಗೆ ಫೋನು ಮಾಡಿ, ತಪ್ಪಾಯಿತು ಬಾರಪ್ಪ ಎನ್ನುತ್ತಿದ್ದರು. ನಮ್ಮ ಸಾಹೇಬರಿಗೆ ಹಟ ಹೆಚ್ಚಾಯಿತು. ಕಚೇರಿ ಕೆಟ್ಟರೆ ಕೆಡಲಿ, ನನ್ನ ಮನೆಯಾದರೂ ಅಸಲಿಯಾಗಿರಲಿ ಎಂದುಕೊಂಡು, ಸಂಜೆ ನೇರವಾಗಿ ಅಂಗಡಿಗೆ ಹೋಗಿ ಅಸಲಿ ಆಪರೇಟಿಂಗ್ ಸಿಸ್ಟಮ್ಮಿನ ಡಬ್ಬಿಯನ್ನು ಕೊಂಡರು. ಡಬ್ಬಿಯ ಮೇಲೆ ಬೆಳಕಿಗೆ ಹಿಡಿದರೆ ಬಣ್ಣ ಬದಲಿಸುವ ಮುದ್ರೆಯಿತ್ತು. ಸಾಹೇಬರು ಅದನ್ನು ದಾರಿಯುದ್ದಕ್ಕೂ ಬೆಳಕಿಗೆ ಹಿಡಿದೇ ತಂದರು, ಹಾಲಿನಂಗಡಿಯ ಮುಂದೆ ಸ್ವಲ್ಪ ನಿಧಾನವಾಗಿ.

ಮಂಗಳವಾರ ರಜೆ ಹಾಕಿ, ಸ್ನಾನ ಮಾಡಿ, ಒಗೆದ ಅಂಗಿ ತೊಟ್ಟು ಕಂಪ್ಯೂಟರಿನ ಮುಂದೆ ಕೂತರು. ಮೊದಲು ಪರವಾನಗಿಯ ಷರತ್ತುಗಳು ಬಂದವು. ಲೋಕವೆಲ್ಲ ಓದದೆ "ಒಪ್ಪಿದ್ದೇನೆ" ಎನ್ನುವ ಆ ಅರವತ್ತು ಪುಟವನ್ನು ಸಾಹೇಬರು ಬೆರಳಿಟ್ಟು ಓದಿದರು. ನಲವತ್ತನೆಯ ಪುಟದಲ್ಲಿ ಒಂದು ಅಲ್ಪವಿರಾಮ ತಪ್ಪಿದ್ದನ್ನು ಬೇರೆ ಹಾಳೆಯಲ್ಲಿ ಗುರುತು ಮಾಡಿಕೊಂಡರು. ಹೆಂಡತಿ ಎರಡು ಸಲ ಊಟಕ್ಕೆ ಕರೆದಳು.

ಆಮೇಲೆ ಯಂತ್ರ ಒಂದು ಪ್ರಶ್ನೆ ಕೇಳಿತು. "ಇರುವುದನ್ನು ಉಳಿಸಿಕೊಂಡು ಮುಂದುವರಿಯಬೇಕೆ? ಅಥವಾ ಶುದ್ಧ ಸ್ಥಾಪನೆಯೆ?"

ಶುದ್ಧ! ಮೂವತ್ತೊಂದು ವರ್ಷದಲ್ಲಿ ಸಾಹೇಬರಿಗೆ ಆ ಶಬ್ದಕ್ಕೆ ಗೊತ್ತಿದ್ದುದು ಒಂದೇ ಅರ್ಥ. ಮೊದಲು ಕರಡು ಬರೆಯುತ್ತಾರೆ. ಅದರಲ್ಲಿ ಕಾಟು, ಚಿತ್ತು, ಶಾಯಿಯ ಕಲೆ ಎಲ್ಲ ಇರುತ್ತವೆ. ಆಮೇಲೆ ಅದನ್ನು ನೋಡಿಕೊಂಡು ಶುದ್ಧಪ್ರತಿ ಮಾಡುತ್ತಾರೆ. ಕರಡಿನಲ್ಲಿ ಇದ್ದುದೆಲ್ಲ ಶುದ್ಧಪ್ರತಿಯಲ್ಲಿ ಇದ್ದೇ ಇರುತ್ತದೆ, ಕಲೆ ಮಾತ್ರ ಇರುವುದಿಲ್ಲ. ಸಾಹೇಬರು "ಶುದ್ಧ" ಎಂಬುದನ್ನು ಒತ್ತಿದರು. "ಹಿಂದಿನದೆಲ್ಲವನ್ನೂ ತೆಗೆಯಲಾಗುವುದು, ಒಪ್ಪಿಗೆಯೆ?" ಎಂದು ಯಂತ್ರ ಮತ್ತೆ ಕೇಳಿತು. ಶುದ್ಧಪ್ರತಿ ಆದ ಮೇಲೆ ಕರಡನ್ನು ಹರಿದು ಬುಟ್ಟಿಗೆ ಹಾಕುವುದು ಕ್ರಮವೇ. ಸಾಹೇಬರು ಒಪ್ಪಿದರು.

ಮೂರು ಗಂಟೆಯ ಹೊತ್ತಿಗೆ ಪರದೆಯ ಮೇಲೆ ನೀಲಿ ಆಕಾಶ ಬಂತು. ಮೂಲೆಯಲ್ಲಿ ಒಂದು ಸಾಲೂ ಇರಲಿಲ್ಲ.

"ಬಾರೇ ಇಲ್ಲಿ!" ಎಂದು ಸಾಹೇಬರು ಕೂಗಿದರು. "ನೋಡು, ಅಸಲಿ! ಯಾರು ಬಂದು ಕೇಳ್ತಾರೋ ಕೇಳಲಿ ಇನ್ನು!"

ಹೆಂಡತಿ ಕೈ ಒರೆಸಿಕೊಳ್ಳುತ್ತ ಬಂದಳು. ಕುರ್ಚಿ ಎಳೆದುಕೊಂಡು ಕೂತು ಅಮ್ಮನ ದನಿ ಇಟ್ಟಿದ್ದ ಜಾಗಕ್ಕೆ ಹೋದಳು. ಜಾಗವೇ ಇರಲಿಲ್ಲ. ಇನ್ನೊಂದು ಕಡೆ ನೋಡಿದಳು. ಸಾಹೇಬರು "ತಡಿ, ಅದು ಬೇರೆ ಕಡೆ ಜೋಡಿಸಿರುತ್ತೆ" ಎಂದು ಹುಡುಕಿದರು. ಯಂತ್ರ ತನ್ನ ಒಡಲನ್ನೆಲ್ಲ ಒಂದು ಕ್ಷಣದಲ್ಲಿ ಸುತ್ತಿಬಂದು, "ಏನೂ ಸಿಗಲಿಲ್ಲ" ಎಂದಿತು. ಸಾಹೇಬರು ಕಾಗುಣಿತ ಬದಲಿಸಿ ಹುಡುಕಿದರು. ಅಮ್ಮ, ಅತ್ತೆ, ಬಟಾಣಿ, ಹಾಲು. ಏನೂ ಸಿಗಲಿಲ್ಲ.

ಭಾವಮೈದುನನಿಗೆ ಫೋನು ಮಾಡಿದರು.

"ನಿನ್ನ ಹತ್ರ ಒಂದು ನಕಲು ಇತ್ತಲ್ಲಪ್ಪ, ಅಮ್ಮನ ದನೀದು?"

"ಇತ್ತು ಭಾವ. ಆ ಕಂಪ್ಯೂಟರಿಂದಲೇ ತೆಗೆದು ಇಟ್ಕೊಂಡಿದ್ದೆ. ನೀವೇ ಬರೆಸಿಕೊಂಡ್ರಲ್ಲ, ಅದರಿಂದ ತೆಗೆದ ಯಾವುದೇ ನಕಲು ಅಂತ. ಎರಡು ಸಲ ಕೇಳಿದೆ ನಾನು. ನನಗೂ ಸಿಟ್ಟು ಬಂದಿತ್ತು. ಅಕ್ಕನ ಹತ್ರ ಹೇಗೂ ಇದೆಯಲ್ಲ ಅಂತ ಅವತ್ತೇ ಅಳಿಸಿಬಿಟ್ಟೆ."

"ಆ ಹಳೇ ಫೋನು?"

"ಅದನ್ನ ಮಾರಿ ವರ್ಷಗಳಾಯ್ತು."

ಅವನು ಅರ್ಧ ಗಂಟೆಯಲ್ಲಿ ಓಡಿಬಂದ. ಕಂಪ್ಯೂಟರನ್ನು ಬಿಚ್ಚಿ, ಅಂಗಡಿಗೆ ಒಯ್ದು, ಎರಡು ದಿನ ಅದರ ಮುಂದೆ ಕೂತು, ತನಗೆ ಗೊತ್ತಿದ್ದ ವಿದ್ಯೆಯನ್ನೆಲ್ಲ ಸುರಿದ. ಆ ನಾಲ್ಕು ನಿಮಿಷದ ದನಿಯಲ್ಲಿ ಒಂದು ಟಣ್ ಕೂಡ ವಾಪಸು ಬರಲಿಲ್ಲ.

ಹೆಂಡತಿ ಕೂಗಾಡಿದ್ದರೆ ಸಾಹೇಬರಿಗೆ ಎಷ್ಟೋ ಹಗುರಾಗುತ್ತಿತ್ತು. ಅವಳು ಮೇಜಿನ ಮೇಲಿದ್ದ ಡಬ್ಬಿಯನ್ನು ಎತ್ತಿ, ಮಿರಿಮಿರಿ ಮಿಂಚುವ ಮುದ್ರೆಯನ್ನು ಸ್ವಲ್ಪ ಹೊತ್ತು ನೋಡಿ, ಮೆತ್ತಗೆ ಕೆಳಗಿಟ್ಟಳು.

"ಚೀಟಿ ಸರಿಯಾಗಿದೆ, ಅಲ್ವಾ?" ಎಂದಳು.

ಸಾಹೇಬರು ಆ ವಾರ ಕಚೇರಿಯಲ್ಲಿ ಒಂದು ಉಯಿಲಿನ ನಕಲು ತೆಗೆಯುತ್ತ, ಮೂರನೆಯ ಸಾಲನ್ನು ಎರಡು ಸಲ ಬರೆದರು. ಇಂಥದ್ದು ಹಿಂದೆಂದೂ ಆಗಿರಲಿಲ್ಲ. ನಕಲಿಲ್ಲದ ಅಸಲನ್ನು ಮನೆಯಲ್ಲಿಟ್ಟುಕೊಂಡು, ಊರವರ ಪತ್ರಗಳಿಗೆಲ್ಲ ನಕಲು ಮಾಡಿಕೊಟ್ಟ ಮೂರ್ಖ ತಾನು ಎಂದು ಅವರಿಗೆ ಆಗ ಚೆನ್ನಾಗಿ ಹೊಳೆಯಿತು. ನಾಚಿಕೆಯಾಯಿತು. ಶನಿವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದ ಮೇಲೆ, ಬಿರುಸು ಹಾಳೆಯೊಂದನ್ನು ತೆಗೆದುಕೊಂಡು, ಅಂಚಿಗೆ ಗೀಟು ಎಳೆದು, ಬರೆಯತೊಡಗಿದರು.

ಭಾನುವಾರ ಭಾವಮೈದುನನನ್ನು ಮನೆಗೆ ಕರೆದರು. ಅಕ್ಕತಮ್ಮ ಇಬ್ಬರನ್ನೂ ನಡುಮನೆಯಲ್ಲಿ ಕೂರಿಸಿ, ಗಂಟಲು ಸರಿಮಾಡಿಕೊಂಡು ಹೇಳಿದರು.

"ನಕಲು ಒಂದು ಮಾಡಿದ್ದೀನಿ. ನಾನು ಓದ್ತೀನಿ, ನೀವಿಬ್ಬರೂ ತಾಳೆ ನೋಡಬೇಕು."

"ಏನು ನಕಲು?" ಎಂದಳು ಹೆಂಡತಿ.

ಸಾಹೇಬರು ಓದಿದರು. "ನಮ್ಮ ಅಳಿಯಂದ್ರು ಒಳ್ಳೆಯವರೇ ಕಣೆ. ಒಳ್ಳೆಯವರಲ್ಲ ಅಂತ ಯಾರಂದ್ರು? ಆದ್ರೆ ಮನುಷ್ಯ ಅಂದ್ಮೇಲೆ ಒಂಚೂರು ಬುದ್ಧೀನೂ ಬೇಕಲ್ಲ..."

ಪೇಪರಿನ ಹಿಂದೆ ಅಡಗಿಕೊಂಡು ಇಷ್ಟು ವರ್ಷ ಕೇಳದ ಹಾಗೆ ಕೂತಿದ್ದ ಮನುಷ್ಯನಿಗೆ ಅದರ ಒಂದೊಂದು ಮಾತೂ ಬಾಯಿಪಾಠವಾಗಿತ್ತು. ಅತ್ತೆ ಎಲ್ಲಿ ನಿಲ್ಲಿಸುತ್ತಿದ್ದರೋ ಅಲ್ಲಿ ನಿಲ್ಲಿಸಿದರು. "ಅಲ್ಲ ಕಣೇ" ಎಂಬಲ್ಲಿ ಎಳೆದರು. ಬಟಾಣಿ ಬೀಳುವ ಕಡೆಯಲ್ಲೆಲ್ಲ ಅಂಚಿನಲ್ಲಿ ಸಣ್ಣ ಚುಕ್ಕೆ ಹಾಕಿದ್ದರು. ಭಾವಮೈದುನ ನಗಲು ಹೋಗಿ ಮುಖ ತಿರುಗಿಸಿಕೊಂಡ.

"ಅಮ್ಮ ಇಲ್ಲಿ ಕೆಮ್ತಾಳೆ," ಎಂದಳು ಹೆಂಡತಿ.

"ಎಲ್ಲಿ?"

"ಒಲೆ ಆರಿಹೋಯ್ತು ಅಂದಮೇಲೆ. ಎರಡು ಸಲ."

ಸಾಹೇಬರು ಪೆನ್ನು ತೆಗೆದು, ಆ ಜಾಗದಲ್ಲಿ "ಕೆಮ್ಮು, ಎರಡು" ಎಂದು ಸೇರಿಸಿ, ಪಕ್ಕದಲ್ಲಿ ಸಣ್ಣ ಸಹಿ ಹಾಕಿದರು. ಮುಂದೆ ಓದಿದರು. "ಚೀಟಿ ಸರಿಯಾಗಿತ್ತು, ಹಾಲೆಲ್ಲಿತ್ತು?"

"ಇಲ್ಲಿ ನಗ್ತಾಳೆ," ಎಂದಳು ಅವಳು.

"ಗೊತ್ತು."

"ಬರೆದಿಲ್ಲವಲ್ಲ."

"ಬರೆದು ನೋಡಿದೆ ಕಣೆ," ಎಂದರು ಸಾಹೇಬರು. "ನಾಲ್ಕು ಹಾಳೆ ಹಾಳಾಯ್ತು. ಅದನ್ನ ಹೆಂಗೆ ಬರೀಬೇಕು ಅಂತ ನನಗೆ ಗೊತ್ತಾಗಲಿಲ್ಲ."

ಮೂಲದಲ್ಲಿ ಹುಳ ತಿಂದು ಅಕ್ಷರ ಹೋಗಿದ್ದರೆ, ನಕಲಿನಲ್ಲಿ ಆ ಜಾಗಕ್ಕೆ ಚುಕ್ಕೆಗಳ ಸಾಲು ಎಳೆಯುವುದು ಕಚೇರಿಯ ಪದ್ಧತಿ. ಸಾಹೇಬರು ಹಾಗೆಯೇ ಎಳೆದಿದ್ದರು. ಹೆಂಡತಿ ಹಾಳೆಯನ್ನು ತೆಗೆದುಕೊಂಡು ಆ ಚುಕ್ಕೆಗಳ ಮೇಲೆ ಬೆರಳಾಡಿಸಿದಳು. ಆಮೇಲೆ ಎಲ್ಲಕ್ಕಿಂತ ಕೆಳಗಿನ ಸಾಲನ್ನು ಓದಿದಳು. ಪ್ರತಿಯೊಂದು ಪತ್ರದ ಕೆಳಗೂ ಅವರು ಬರೆಯುವ ಸಾಲು ಇದಾಗಿರಲಿಲ್ಲ. ಮೊಹರೂ ಇರಲಿಲ್ಲ. ಅದೇ ದುಂಡು ಅಕ್ಷರಗಳಲ್ಲಿ ಸಾಹೇಬರು ಹೀಗೆ ಬರೆದಿದ್ದರು: "ಮೂಲವು ನನ್ನ ಕೈಯಿಂದಲೇ ನಾಶವಾಗಿರುವುದರಿಂದ, ತಾಳೆ ನೋಡಲು ಆಗಿಲ್ಲ."